ಬಿರಡೆ ಹಾಕಿದ ಮೇಲೆ

ಹ್ಯಾಲೋಬಿ ಹೌಸ್, ಯಾರ್ಕ್‌ಷೈರ್
೨೩ ಜನವರಿ ೧೯೫೮

ಪ್ರೀತಿಯ ಹೆಸ್ಟರ್,

ನನ್ನ ಕೈಬರಹ ನೋಡಿ ಯಾರಿಗೋ ಏನೋ ಆಗಿದೆಯೆಂದು ಹೆದರಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಚರ್ಚಿನಲ್ಲಿ ಹೂ ಜೋಡಿಸುವ ಸರದಿ ಇವತ್ತು ನಿನ್ನ ಅಮ್ಮನದು. ಅವಳು ಹೋದ ಹೊತ್ತು ನೋಡಿ ಬರೆಯುತ್ತಿದ್ದೇನೆ. ಈ ವಿಷಯ ಅವಳಿಗೆ ತಿಳಿಯಬಾರದು. ಫೋನು ಮಾಡುವಂತೆಯೂ ಇಲ್ಲ. ಇಲ್ಲಿಯ ಫೋನು ಸೇನೆಯ ಎಕ್ಸ್‌ಚೇಂಜಿನ ಮೂಲಕ ಹೋಗುತ್ತದೆ, ಅಲ್ಲಿ ಕೂತ ಹುಡುಗಿಯರಿಗೆ ನನ್ನ ಸುದ್ದಿ ನನಗಿಂತ ಮೊದಲೇ ಗೊತ್ತಿರುತ್ತದೆ.

ನಿನ್ನಿಂದ ಒಂದು ಉಪಕಾರವಾಗಬೇಕು. ನೀನು ಕಾದಂಬರಿ ಓದುವವಳು. ಜನ ಒಂದನ್ನು ಆಡಿ ಇನ್ನೊಂದನ್ನು ಸೂಚಿಸುವುದು ನಿನಗೆ ಅಭ್ಯಾಸವಾಗಿರಬೇಕು.

ಸೋಮವಾರ ಬೇಸಿಲ್ ಕಾರ್ನ್‌ಫೋರ್ತ್ ಲಂಡನ್ನಿನ ತನ್ನ ಕ್ಲಬ್ಬಿಗೆ ಊಟಕ್ಕೆ ಕರೆದಿದ್ದ. ರಾವಲ್ಪಿಂಡಿಯಲ್ಲಿ ನಿನ್ನನ್ನು ಮೊದಲ ಸಲ ಕುದುರೆಯ ಮೇಲೆ ಕೂರಿಸಿದವನು ಅವನೇ. ಈಗ ಜನರಲ್‌ಗಳ ನೇಮಕದ ಕೆಲಸ ಅವನ ಕೈಯಲ್ಲಿದೆ. ಅವನು ಊಟಕ್ಕೆ ಕರೆದರೆ ಒಂದೋ ಹತ್ತುವುದು, ಇಲ್ಲವೇ ಇಳಿಯುವುದು. ಜರ್ಮನಿಯಲ್ಲಿರುವ ನಮ್ಮ ಸೇನೆಯ ಕೋರ್‌ನ ದಳಪತಿಯ ಜಾಗ ಬೇಸಿಗೆಗೆ ತೆರವಾಗುತ್ತದೆ. ಅಲ್ಲಿಗೆ ಹೋದವನು ಲೆಫ್ಟಿನೆಂಟ್ ಜನರಲ್ ಆಗುತ್ತಾನೆ. ಹೆಸರು ಇರುವುದು ಎರಡೇ, ನಾನು ಮತ್ತು ರೋಲೋ ಬೆಡೋಸ್. ಉಳಿದವನಿಗೆ ಮನೆಯ ದಾರಿ. ಹತ್ತೊಂಬತ್ತನೆಯ ವಯಸ್ಸಿನಿಂದ ನಾನು ಬೇಡಿಕೊಂಡದ್ದು ಅದೊಂದನ್ನೇ ಎಂದರೆ ತಪ್ಪಾಗದು.

ಕುರಿಮಾಂಸ ಬಂತು, ಹೋಯಿತು. ಪುಡಿಂಗ್ ಬಂತು. ಅವನು ಹವಾಮಾನ, ಸಾಲ್ಮನ್ ಮೀನು, ತನ್ನ ಮೊಣಕಾಲು ಇವುಗಳ ಬಗ್ಗೆ ಮಾತಾಡಿದ. ಚೀಸು ಬಂದ ಮೇಲೆ ಹೀಗಾಯಿತು, ಪದಕ್ಕೆ ಪದ ಬರೆಯುತ್ತಿದ್ದೇನೆ:

"ಲಯನೆಲ್, ಹಡಗು ಹತ್ತಿದ್ರೆ ನಿನಗೆ ವಾಕರಿಕೆ ಬರುತ್ತಾ?"

"ಅಷ್ಟೇನಿಲ್ಲ."

"ಒಳ್ಳೇದು, ಒಳ್ಳೇದು. ವಿನಿಫ್ರೆಡ್ ಹೇಗೆ? ಬಿಷಪ್‌ಗಳ ಜೊತೆ ಹೊಂದ್ಕೊಂಡು ಹೋಗ್ತಾಳಾ?"

"ಯಾವ ಬಿಷಪ್?"

"ಯಾರೋ ಒಬ್ಬ ಕಣಯ್ಯ. ಬಿಷಪ್ ಅಂದ್ರೆ ಬಿಷಪ್."

ಆಮೇಲೆ ಚೀಸು ಕೊಯ್ಯುತ್ತಾ, "ಚೆನ್ನಾಗೇ ಬ್ಯಾಟ್ ಮಾಡಿದೀಯ. ಇನ್ನು ಸ್ವಲ್ಪ ಬಿಸಿಲು ಕಾಯ್ಸಪ್ಪ" ಅಂದ. ಅಷ್ಟೇ. ಮತ್ತೆ ಮೀನಿಗೆ ಹೋದ.

ಏನರ್ಥ ಎಂದು ಅಲ್ಲೇ ಕೇಳಬಹುದಿತ್ತು ಅನ್ನುತ್ತೀಯ. ಕೇಳುವ ಪದ್ಧತಿ ನಮ್ಮಲ್ಲಿಲ್ಲ. ನಿನಗೆ ಹೇಗೆ ತೋರುತ್ತದೆ, ಬರೆ.

ನಿನ್ನ ತಂದೆ,
ಎಲ್. ಆರ್. ಥ್ರೆಲ್ಫಾಲ್
ಮೇಜರ್ ಜನರಲ್

ಹುದ್ದೆಯನ್ನು ಕೈ ತಾನಾಗಿ ಬರೆಯಿತು. ಹೊಡೆದುಹಾಕಿದರೆ ಕಾಗದ ಕೊಳಕಾಗುತ್ತದೆಂದು ಹಾಗೇ ಬಿಟ್ಟಿದ್ದೇನೆ.


ಎಡಿನ್‌ಬರೋ
೨೯ ಜನವರಿ ೧೯೫೮

ಪ್ರೀತಿಯ ಅಪ್ಪ,

ನಿಮ್ಮಿಂದ ನನಗೆ ಬಂದ ಮೊದಲ ಪತ್ರ ಇದು. ಬೋರ್ಡಿಂಗ್ ಶಾಲೆಗೆ ಬರುತ್ತಿದ್ದ ಅಮ್ಮನ ಪತ್ರಗಳ ಕೊನೆಗೆ 'ಅಪ್ಪನೂ ಪ್ರೀತಿ ತಿಳಿಸಿದ್ದಾರೆ' ಎಂದಿರುತ್ತಿತ್ತು. ತಿಳಿಸಿದ್ದು ಹೌದೋ ಅಲ್ಲವೋ ಎಂದು ನಾನು ಕೇಳಲಿಲ್ಲ. ಕೇಳುವ ಪದ್ಧತಿ ನನಗೂ ಇಲ್ಲ. ಯಾರ ಮಗಳು?

ಬೇಸಿಲ್ ಅವರ ಮಾತನ್ನು ಕಚೇರಿಗೆ ಹೋಗುವಾಗ ಬಸ್ಸಿನಲ್ಲೂ ಓದಿದೆ, ಬರುವಾಗಲೂ ಓದಿದೆ. ಒಂದು ಸಲ ನಿಮಗೆ ಜರ್ಮನಿ ಸಿಕ್ಕಿದೆ ಅನ್ನಿಸಿತು. ಅಲ್ಲಿಗೂ ಹಡಗಿನಲ್ಲೇ ಹೋಗಬೇಕಲ್ಲ. ಇನ್ನೊಂದು ಸಲ ನಿಮ್ಮನ್ನು ಕಳಿಸಿಬಿಟ್ಟರು ಅನ್ನಿಸಿತು. ಬಿಷಪ್‌ಗಳು ಎರಡಕ್ಕೂ ಹೊಂದುತ್ತಿಲ್ಲ. ಕಚೇರಿಯಲ್ಲಿ ಭೂಪಟಗಳ ಮೇಲೆ ನನ್ನ ಜೊತೆ ಊರಿನ ಹೆಸರು ತಿದ್ದುವ ಮೋರಾಗ್‌ಗೆ, ಲೆಫ್ಟಿನೆಂಟ್ ಮೇಜರಿಗಿಂತ ಕೆಳಗಿನವನು, ಆದರೆ ಲೆಫ್ಟಿನೆಂಟ್ ಜನರಲ್ ಮೇಜರ್ ಜನರಲ್‌ಗಿಂತ ಮೇಲಿನವನು ಎಂದು ವಿವರಿಸಲು ಹೋಗಿ ಸೋತೆ. "ನಿಮ್ಮಪ್ಪ ಹತ್ತೋದಾ ಇಳಿಯೋದಾ, ಮೊದಲು ಅದನ್ನ ಹೇಳೇ" ಅಂದಳು. ಅದೇ ತಿಳಿಯದು ಅಂದೆ.

ಮೂರು ಪೆನ್ನಿಯ ಅಂಚೆಚೀಟಿ ಸಾಕು. 'ಬೇಸಿಲ್, ನೀನು ಅಂದದ್ದರ ಅರ್ಥ ಏನು?' ಎಂದು ಬರೆದು ಕಳಿಸಿ. ಇನ್ನೊಂದು ಮಾತು. ಅಮ್ಮನಿಂದ ಯಾಕೆ ಮುಚ್ಚಿಡುತ್ತೀರಿ? ಪ್ರಶ್ನೆಗಳಲ್ಲಿ ಒಂದು ಅವಳ ಬಗ್ಗೆಯೇ ಇತ್ತು.

ಹೆಸ್ಟರ್
(ಮನೆತನದ ಹೆಸರು ನಿಮಗೆ ಗೊತ್ತಿರಬೇಕು.)


ಹ್ಯಾಲೋಬಿ ಹೌಸ್
೧೬ ಫೆಬ್ರವರಿ ೧೯೫೮, ಭಾನುವಾರ

ಮುದ್ದು ಹೆಸ್ಟರ್,

ನೀನು ಕಳಿಸಿದ ಉಣ್ಣೆಯ ಕೈಗವಸು ಹಾಕಿಕೊಂಡೇ ಬರೆಯುತ್ತಿದ್ದೇನೆ. ಈ ಮನೆಯನ್ನು ಕಟ್ಟಿದವನಿಗೆ ಚಳಿ ಎಂದರೇನೆಂದು ಗೊತ್ತಿರಲಿಲ್ಲ.

ನಿನ್ನ ಅಪ್ಪ ಸರಿಯಿಲ್ಲ. ಕಾಯಿಲೆಯೇನಲ್ಲ, ಊಟ ಮಾಡುತ್ತಾರೆ. ಹೋದ ವಾರ ಬೆಳಗಿನ ತಿಂಡಿಯ ಹೊತ್ತಿಗೆ ಪೇಪರಿನ ಹಿಂದಿನಿಂದ, "ವಿನ್ನೀ, ನಿನಗೆ ಬಿಷಪ್‌ಗಳು ಅಂದ್ರೆ ಹೇಗೆ?" ಅಂದರು. "ಎಷ್ಟು ಜನ ಬರ್ತಾರೆ?" ಅಂದೆ. "ಯಾರೂ ಬರಲ್ಲ, ಸುಮ್ನೆ ಕೇಳ್ದೆ" ಅಂದರು. ಸುಮ್ಮಸುಮ್ಮನೆ ಬಿಷಪ್‌ಗಳ ವಿಚಾರ ಯಾರು ಕೇಳುತ್ತಾರೆ? ಈ ವಯಸ್ಸಿನಲ್ಲಿ ಎಲ್ಲಿ ಪೋಪನ ಮತಕ್ಕೆ ಸೇರುತ್ತಾರೋ ಎಂದು ಹೆದರಿದೆ. ಅಡುಗೆಯ ಸಾರ್ಜೆಂಟ್ ಹಿಗಿನ್‌ಬಾಟಮ್‌ನ ಕಿವಿ ನಿನಗೆ ಗೊತ್ತಲ್ಲ. ಮಾರನೆಯ ದಿನ ಬಂದು, "ಮೇಡಂ, ಬಿಷಪ್ ಸಾಹೇಬ್ರು ಮೀನು ತಿಂತಾರಾ ಕೋಳಿನಾ?" ಎಂದು ಕೇಳಿದ.

ನಿನ್ನೊಬ್ಬಳಿಗೇ ಹೇಳುವ ಸಂಗತಿ ಒಂದಿದೆ, ಅಪ್ಪನಿಗೆ ಬರೆಯಬೇಡ. ಶ್ರಾಪ್‌ಷೈರಿನಲ್ಲಿ ಒಂದು ಮನೆ ನೋಡಿದ್ದೇನೆ. ಅಕ್ಕನನ್ನು ನೋಡಲು ಹೋದವಳು ಹಾಗೇ ಹೋಗಿ ಬಂದೆ. ಸೂರು ಒಂದು ಕಡೆ ಕುಸಿದಿದೆ, ಅಡುಗೆಮನೆಗೆ ಬೆಳಕಿಲ್ಲ, ಪಕ್ಕದ ಮನೆಯವನ ಹಂದಿಗಳ ವಾಸನೆ ಬರುತ್ತದೆ. ಮನೆಯ ಯಜಮಾನಿ "ಗೋಡೆ ಸ್ವಲ್ಪ ಮೆತ್ತಗಿದೆ" ಎಂದು ನಾಚಿಕೊಂಡಳು. ನಾನು ಆ ಗೋಡೆಯನ್ನು ಮುಟ್ಟಿ ನೋಡಿದೆ. ಮದುವೆಯಾದಂದಿನಿಂದ ಒಂದು ಗೋಡೆಗೂ ಮೊಳೆ ಹೊಡೆದವಳಲ್ಲ ನಾನು. ಸೇನೆಯ ಮನೆಗಳಲ್ಲಿ ಅದಕ್ಕೆ ಅಪ್ಪಣೆ ಇಲ್ಲ. ಬಿಡುವ ದಿನ ಮೀಸೆ ಚಿಗುರದ ಅಧಿಕಾರಿಯೊಬ್ಬ ಬಂದು ಚಮಚ ಎಣಿಸಿ, ಹಾಸಿಗೆ ಎತ್ತಿ ಕಲೆ ಹುಡುಕುತ್ತಾನೆ. ಜನರಲ್‌ನ ಹೆಂಡತಿಯಾದರೂ ಅಷ್ಟೇ. ಎಷ್ಟು ಮನೆಗಳಾದವು ಎಂಬ ಲೆಕ್ಕ ನಾನು ಬಿಟ್ಟು ಬಹಳ ಕಾಲವಾಯಿತು.

ಪ್ರತಿ ಸಲ ವರ್ಗದ ಆಜ್ಞೆ ಬಂದಾಗ ಅಪ್ಪ ಬಂದು ಹೇಳುತ್ತಿದ್ದರು. ನಾನು, "ನಿಮಗೆ ಅನುಕೂಲವಾದ್ರೆ ನನಗೂ ಅನುಕೂಲ" ಅನ್ನುತ್ತಿದ್ದೆ. ಬೇರೆ ಯಾವ ಮಾತಿಗಿಂತ ಅದು ಬೇಗ ಮುಗಿಯುತ್ತಿತ್ತು. ಬೊಂಬಾಯಿಯ ಬಂದರಿನಲ್ಲಿ ನಿನ್ನನ್ನು ಶಾಲೆಗೆಂದು ಹಡಗು ಹತ್ತಿಸುವಾಗಲೂ ಅದನ್ನೇ ಅಂದಿದ್ದೆ. ಆಗ ನಿನಗೆ ಏಳು ವರ್ಷ.

ಈಗ ಅವರ ಮನಸ್ಸಿನಲ್ಲಿ ಏನೋ ಇದೆ. ಜರ್ಮನಿಯೇ ಇರಬೇಕು.

ಪ್ರೀತಿಯ,
ಅಮ್ಮ

ಅಪ್ಪನೂ ಪ್ರೀತಿ ತಿಳಿಸಿದ್ದಾರೆ.


ಹ್ಯಾಲೋಬಿ ಹೌಸ್
೪ ಮಾರ್ಚ್ ೧೯೫೮, ಮಂಗಳವಾರ

ಪ್ರೀತಿಯ ಹೆಸ್ಟರ್,

ಬೇಸಿಲ್‌ಗೆ ನೀನು ಹೇಳಿದಂತೆ ಬರೆಯಲು ಕೂತೆ. ಆ ಒಂದು ಸಾಲನ್ನು ಹೇಗೆ ಬರೆದರೂ ಭಿಕ್ಷೆ ಕೇಳಿದಂತೆ ಕಂಡಿತು. ಬಿಟ್ಟೆ.

ಈಗ ಅರ್ಥವಾಗಿದೆ. ಶುಕ್ರವಾರ ನಮ್ಮ ರೆಜಿಮೆಂಟಿನ ಅತಿಥಿ ಭೋಜನಕ್ಕೆ ರೋಲೋ ಬೆಡೋಸ್ ಬಂದಿದ್ದ. ಇಷ್ಟು ವರ್ಷಗಳಲ್ಲಿ ಅವನು ನನ್ನ ಜೊತೆ ಒಂದು ಒಳ್ಳೆಯ ಮಾತಾಡಿದವನಲ್ಲ. ಮೊನ್ನೆ ನನ್ನ ತೋಳು ಹಿಡಿದು, "ಲಯನೆಲ್, ನೀನು ತುಂಬಾ ದುಡಿದೆ ಕಣಯ್ಯ" ಅಂದ. ಗೆದ್ದವನು ಮಾತ್ರ ಹಾಗೆ ತೋಳು ಹಿಡಿಯುತ್ತಾನೆ.

ನಮ್ಮ ರೆಜಿಮೆಂಟಿನಲ್ಲಿ ಒಂದು ಪದ್ಧತಿ ಇದೆ. ಊಟವಾದ ಮೇಲೆ ಪೋರ್ಟ್ ಮದ್ಯದ ಗಾಜಿನ ಕುಪ್ಪಿ ಮೇಜಿನ ಸುತ್ತ ಎಡಕ್ಕೆ ಸಾಗುತ್ತದೆ. ಕರ್ನಲ್ ಸಾಕೆನಿಸಿದಾಗ ಅದಕ್ಕೆ ಬಿರಡೆ ಹಾಕುತ್ತಾನೆ. ಹೊತ್ತಾಯಿತು, ಏಳಿ ಎಂದು ಯಾರಿಗೂ ಯಾರೂ ಹೇಳುವುದಿಲ್ಲ. ಬಿರಡೆ ಬಿತ್ತೆಂದರೆ ಅತಿಥಿ ತಾನಾಗಿ ಎದ್ದು ಹೋಗಬೇಕು. ನಾನು ಹೊಸಬನಾಗಿದ್ದಾಗ ಯಾವನೋ ನೌಕಾಪಡೆಯವನು ಇದು ತಿಳಿಯದೆ ಕೂತೇ ಇದ್ದ. ಅವನಿಗೆ ಏಳು ಅನ್ನಲಾರದೆ ಕರ್ನಲ್ ಕೂಡ ಎದುರಿಗೆ ಕೂತಿದ್ದರು. ಬೆಳಗಾಗಿ ಆಳುಗಳು ಬಂದು ಇಬ್ಬರ ಮುಂದೆಯೂ ಮೊಟ್ಟೆ ತಂದಿಟ್ಟರು. ಆ ಕಥೆ ಹೇಳಿ ಈಗಲೂ ನಗುತ್ತೇವೆ.

ಬೇಸಿಲ್ ನನ್ನೆದುರಿಗೆ ಬಿರಡೆ ಹಾಕಿದ. ನಾನು ಒಂದು ತಿಂಗಳು ಕೂತೇ ಇದ್ದೆ. ನೆನೆದರೆ ಮೈ ಬಿಸಿಯಾಗುತ್ತದೆ.

ಇವತ್ತು ಬೆಳಿಗ್ಗೆ ಎರಡು ಸಾಲು ಬರೆದು ಹಜಾರದ ಮೇಜಿನ ಮೇಲೆ ಅಂಚೆಗಿಟ್ಟೆ: 'ನಿನ್ನ ಮಾತಿನ ಅರ್ಥ ನನಗಾಗಿದೆ. ಏಪ್ರಿಲ್ ಕೊನೆಗೆ ನನ್ನನ್ನು ನಿವೃತ್ತಿಗೊಳಿಸಬೇಕಾಗಿ ಕೋರುತ್ತೇನೆ.' ಮಧ್ಯಾಹ್ನ ಬಂದು ನೋಡಿದರೆ ಹೋಗಿತ್ತು.

ವಿಚಿತ್ರ ನೋಡು. ಯುದ್ಧದಲ್ಲಿ ನಮ್ಮ ಆಜ್ಞೆಗಳನ್ನು ಮಗುವಿಗೂ ತಿಳಿಯುವಂತೆ ಬರೆಯುತ್ತೇವೆ. ಯಾರು, ಎಲ್ಲಿಗೆ, ಯಾವಾಗ, ಯಾಕೆ. ಇಟಲಿಯಲ್ಲಿ ನದಿ ದಾಟುವ ಹಿಂದಿನ ದಿನ ನಾನು ಕೊಟ್ಟ ಆಜ್ಞೆಯಲ್ಲಿ ಎರಡು ಅರ್ಥ ಬರುವ ಪದ ಒಂದೂ ಇರಲಿಲ್ಲ. ಇದ್ದಿದ್ದರೆ ಹುಡುಗರು ತಪ್ಪು ದಡ ಸೇರಿ ಸಾಯುತ್ತಿದ್ದರು. ಶಾಂತಿ ಬಂದ ಕೂಡಲೇ ನಾವೆಲ್ಲ ಹೀಗೆ ಮಾತಾಡಲು ಶುರು ಮಾಡುತ್ತೇವೆ.

ನಿನ್ನ ಅಮ್ಮನಿಗೆ ಹೇಗೆ ಹೇಳಲಿ ತಿಳಿಯುತ್ತಿಲ್ಲ. ಸೋತು ಬಂದವನನ್ನು ಅವಳು ಇದುವರೆಗೆ ನೋಡಿಲ್ಲ. ನೀನೂ ಸದ್ಯಕ್ಕೆ ಹೇಳಬೇಡ.

ನಿನ್ನ ತಂದೆ,
ಎಲ್. ಆರ್. ಟಿ.


ಎಡಿನ್‌ಬರೋ
೪ ಮಾರ್ಚ್ ೧೯೫೮

ಪ್ರೀತಿಯ ಅಪ್ಪ,

ಅವಸರದಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿ ಮುಗಿಸುವವರೆಗೆ ಯಾರಿಗೂ ಏನನ್ನೂ ಬರೆಯಬೇಡಿ.

ನಮ್ಮ ಕಚೇರಿಯಲ್ಲಿ ಸಮುದ್ರದ ನಕ್ಷೆ ಪರೀಕ್ಷಿಸುವವರು ಕಮಾಂಡರ್ ಡಲ್‌ಗ್ಲೀಷ್, ನೌಕಾಪಡೆಯಲ್ಲಿದ್ದು ನಿವೃತ್ತರಾದವರು. ಅವರ ಮುಂದೆ ನಿಮ್ಮ ಹೆಸರು ಎತ್ತದೆ, 'ನನಗೆ ಗೊತ್ತಿರೋ ಒಬ್ರು' ಎಂದು ಶುರು ಮಾಡಿದೆ. "ನಿಮ್ಮಪ್ಪನಿಗೆ ಏನಂದ್ರು ಹೇಳಮ್ಮ" ಅಂದರು. ಹೇಳಿದೆ. ಪೈಪು ಬಾಯಿಂದ ತೆಗೆದು ನಕ್ಕೇ ನಕ್ಕರು.

"ಹಡಗು, ಹೆಂಡತಿ, ಬಿಷಪ್. ಮೂರನ್ನೂ ಒಟ್ಟಿಗೆ ಕೇಳಿದ್ರೆ ಅದು ದ್ವೀಪ ಕಣಮ್ಮ! ನಿಮ್ಮಪ್ಪನ್ನ ಯಾವುದೋ ದ್ವೀಪಕ್ಕೆ ಗವರ್ನರ್ ಮಾಡ್ತಿದಾರೆ. ಬಿಸಿಲು ಕಾಯ್ಸು ಅಂದ್ರಲ್ಲ, ಇನ್ನೇನು ಬಿಡಿಸಿ ಹೇಳ್ಬೇಕು?"

ಗರಿ ಸಿಕ್ಕಿಸಿದ ಟೋಪಿ, ದೊಡ್ಡ ಬಂಗಲೆ, ಭಾನುವಾರ ಬಿಷಪ್‌ಗೆ ಊಟ. ಐದು ವರ್ಷ. ಜರ್ಮನಿ ಅಲ್ಲ ನಿಜ. ಆದರೆ ನಿಮ್ಮನ್ನು ಯಾರೂ ಹೊರಗೆ ಹಾಕುತ್ತಿಲ್ಲ.

ಒಪ್ಪುವ ಮೊದಲು ಅಮ್ಮನನ್ನು ಕೇಳಿ. ಅವಳು ಏನನ್ನುತ್ತಾಳೋ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ನಾನು ಹೇಳಬಾರದು.

ಹೆಸ್ಟರ್


ಹ್ಯಾಲೋಬಿ ಹೌಸ್
೬ ಮಾರ್ಚ್ ೧೯೫೮

ಹೆಸ್ಟರ್,

ನಿನ್ನದು ಇವತ್ತು ಬಂತು. ನನ್ನದು ಮಂಗಳವಾರವೇ ಹೋಯಿತು.

ದ್ವೀಪವೇ? ಯಾವ ದ್ವೀಪ?

ಬೇಸಿಲ್‌ನ ಕಚೇರಿಗೆ ಫೋನು ಮಾಡಿಸಿದೆ. ಮೀನು ಹಿಡಿಯಲು ಹೋಗಿದ್ದಾನಂತೆ.

ಅಪ್ಪ


ಹ್ಯಾಲೋಬಿ ಹೌಸ್
೯ ಮಾರ್ಚ್ ೧೯೫೮, ಭಾನುವಾರ

ಮುದ್ದು ಹೆಸ್ಟರ್,

ಶ್ರಾಪ್‌ಷೈರಿನ ಮನೆಯ ವಿಚಾರ ಮರೆತುಬಿಡು. ಮುಗಿಯಿತು.

ಹೋದ ಸೋಮವಾರ ಬೇಸಿಲ್‌ನ ಹೆಂಡತಿ ಸೆಸಿಲಿ ಫೋನು ಮಾಡಿದ್ದಳು. ಆರೋಗ್ಯ, ನಾಯಿ, ಮೊಮ್ಮಗು ಎಲ್ಲ ಆದ ಮೇಲೆ, "ವಿನ್ನೀ, ನಿನ್ನ ಹತ್ರ ಹ್ಯಾಟು ಎಷ್ಟಿವೆಯೇ?" ಅಂದಳು. "ಎರಡು. ಒಂದು ಮದುವೆಗೆ, ಒಂದು ಸಾವಿಗೆ" ಅಂದೆ. "ಅಯ್ಯೋ, ಸಾಲದು ಸಾಲದು" ಎಂದು ಕಿಸಕ್ಕನೆ ನಕ್ಕಳು. ಹೆಂಗಸರಿಗೆ ಅಷ್ಟು ಸಾಕು. ಹ್ಯಾಟು ಸಾಲದ ಜಾಗ ಎಂದರೆ ಗವರ್ನರನ ಬಂಗಲೆ. ಬಿಷಪ್‌ಗಳು ಎಲ್ಲಿಂದ ಬಂದರೆಂದು ಆಗ ಹೊಳೆಯಿತು.

ಅಪ್ಪ ಬಂದು ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ. ಮಂಗಳವಾರ ಹಜಾರದ ಮೇಜಿನ ಮೇಲೆ ಬೇಸಿಲ್ ಹೆಸರಿನ ಲಕೋಟೆ ಇತ್ತು. ಒಪ್ಪಿಗೆ ಬರೆದಿದ್ದಾರೆ, ಈ ಸಲ ನನಗೆ ಹೇಳುವ ಶಾಸ್ತ್ರವನ್ನೂ ಬಿಟ್ಟಿದ್ದಾರೆ. ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಕೋಟು ಹಾಕಿಕೊಂಡು ಮಳೆಯಲ್ಲಿ ನಾನೇ ಹೋಗಿ ಡಬ್ಬಿಗೆ ಹಾಕಿ ಬಂದೆ. ಹಿಗಿನ್‌ಬಾಟಮ್, "ಅಂಚೆಯವನು ಬರ್ತಾನಲ್ಲ ಮೇಡಂ, ನೀವ್ಯಾಕೆ ನೆನೆದ್ರಿ?" ಅಂದ. ನಡೆಯಬೇಕು ಅನ್ನಿಸಿತು ಅಂದೆ.

ಇದನ್ನು ಅಪ್ಪನಿಗೆ ಬರೆಯಬೇಡ. ನಾನು ಬೇಸರಗೊಂಡೆ ಎಂದು ತಿಳಿದರೆ ಅವರಿಗೆ ಕಷ್ಟವಾಗುತ್ತದೆ. ಗುರುವಾರದಿಂದ ಮನೆಯಲ್ಲಿ ದೆವ್ವದ ಹಾಗೆ ಓಡಾಡುತ್ತಿದ್ದಾರೆ. ಬೇಕಾದ್ದು ಸಿಕ್ಕಮೇಲೂ ಯಾಕೆ ಹಾಗಿದ್ದಾರೋ.

ಅಮ್ಮ


ಎಡಿನ್‌ಬರೋ
೧೨ ಮಾರ್ಚ್ ೧೯೫೮

ಪ್ರೀತಿಯ ಅಪ್ಪ,

ಒಂದೇ ಸೂರಿನ ಕೆಳಗೆ, ಒಂದೇ ಮೇಜಿನಲ್ಲಿ ಉಣ್ಣುವ ಇಬ್ಬರು ಎಡಿನ್‌ಬರೋಗೆ ಪತ್ರ ಬರೆಯುತ್ತಿದ್ದೀರಿ. ಇಬ್ಬರೂ ನನ್ನ ಬಾಯಿ ಕಟ್ಟಿದ್ದೀರಿ. ಕೊಟ್ಟ ಮಾತು ಮುರಿಯದೆ ನಾನು ಹೇಳಬಹುದಾದದ್ದು ಇಷ್ಟು. ಅಮ್ಮನಿಗೆ ತಿಳಿದಿದೆ ಎಂದು ನೀವು ಅಂದುಕೊಂಡದ್ದು ಅವಳಿಗೆ ತಿಳಿದಿಲ್ಲ. ತಿಳಿದಿಲ್ಲ ಎಂದುಕೊಂಡದ್ದು ತಿಳಿದಿದೆ. ಅದೂ ತಪ್ಪಾಗಿ ತಿಳಿದಿದೆ.

ಇದನ್ನು ಓದಿ ನಿಮಗೆ ಏನೂ ಅರ್ಥವಾಗದಿದ್ದರೆ ಒಳ್ಳೆಯದೇ ಆಯಿತು. ಎದ್ದು ಅವಳಿರುವ ಕೋಣೆಗೆ ಹೋಗಿ ಕೇಳಿ. 'ವಿನ್ನೀ, ನಿನಗೆ ಏನು ಬೇಕು?' ನಾಲ್ಕು ಪದ. ನದಿ ದಾಟಿಸಿದವರು ನೀವು.

ಹೆಸ್ಟರ್


ಹ್ಯಾಲೋಬಿ ಹೌಸ್
೨೭ ಮಾರ್ಚ್ ೧೯೫೮, ಗುರುವಾರ

ಪ್ರೀತಿಯ ಹೆಸ್ಟರ್,

ಕೇಳಬೇಕೆಂದು ದಿನವೂ ಅಂದುಕೊಂಡೆ. ಯಾರಾದರೂ ಬರುತ್ತಿದ್ದರು, ಇಲ್ಲವೇ ಟೀ ಬರುತ್ತಿತ್ತು. ಅಷ್ಟರಲ್ಲಿ ಇವತ್ತು ಬೇಸಿಲ್ ತಾನೇ ರೈಲು ಹತ್ತಿ ಬಂದ. ನಿನ್ನ ಅಮ್ಮ ಪೇಟೆಗೆ ಹೋಗಿದ್ದಳು. ಅವನು ಕೂರಲೂ ಇಲ್ಲ.

"ಎರಡೇ ಸಾಲು!" ಅಂದ. "ಬೈಗುಳ ಇಲ್ಲ, ಗೋಳು ಇಲ್ಲ. ನಿನ್ನ ಕಾಗದ ನೋಡಿ ಮೇಲಿನವರು ಬೆವತುಹೋದ್ರಲ್ಲಯ್ಯ."

"ಬೇಸಿಲ್, ನಾನು ಅದನ್ನ ಬರೆದದ್ದು..."

"ಏನೂ ಹೇಳ್ಬೇಡ. ಕೋರ್ ನಡೆಸೋ ಮನುಷ್ಯನಿಗೆ ದ್ವೀಪ ತೋರಿಸಿದ್ವಿ. ನಿನಗೆ ಅವಮಾನ ಆಯ್ತು. ನನಗೇ ಆಗಿದ್ರೆ ಹತ್ತು ಪುಟ ಬರೀತಿದ್ದೆ. ನೀನು ಸದ್ದಿಲ್ಲದೆ ಬಾಗಿಲು ಎಳ್ಕೊಂಡೆ. 'ಇಂಥವನೇ ನಮಗೆ ಬೇಕು' ಅಂದ್ರು. ದ್ವೀಪ ರೋಲೋಗೆ ಹೋಗುತ್ತೆ, ಅವನ ಹೆಂಡ್ತಿಗೆ ಹ್ಯಾಟು ಅಂದ್ರೆ ಪ್ರಾಣ. ಜರ್ಮನ್ ಕೋರ್ ನಿನ್ನದು."

ಕೋಟಿನ ಜೇಬು ತಟ್ಟಿ ತೋರಿಸಿದ. ನನ್ನ ಕಾಗದ ಅಲ್ಲೇ ಇತ್ತು. ಸೋಮವಾರ ಮಧ್ಯಾಹ್ನದೊಳಗೆ ನಾನು ಹೂಂ ಅಂದರೆ ಅದನ್ನು ಹರಿದು ಬೆಂಕಿಗೆ ಹಾಕುತ್ತಾನಂತೆ. ಅವನು ಹೋದ ಮೇಲೆ ಪರೇಡು ಮುಗಿದ ಸಿಪಾಯಿಯ ಹಾಗೆ ಹಜಾರದ ನಡುವೆ ನಿಂತಿದ್ದೆ.

ಹೆಸ್ಟರ್, ಮೂವತ್ತನಾಲ್ಕು ವರ್ಷ ಬಯಸಿದ್ದು ನನಗೆ ಸಿಕ್ಕಿದೆ. ನಾನು ಚೆನ್ನಾಗಿ ಮಾಡಿದ ಯಾವ ಕೆಲಸಕ್ಕೂ ಅಲ್ಲ, ಒಂದು ಮಾತನ್ನು ತಪ್ಪಾಗಿ ತಿಳಿದದ್ದಕ್ಕೆ. ಹಿಂದಿನ ಬಡ್ತಿಗಳು ಹೇಗೆ ಬಂದವು ಎಂದು ಈಗ ಯೋಚನೆ ಹತ್ತಿದೆ. ಯೋಚಿಸದಿರುವುದು ಒಳ್ಳೆಯದು.

ಆದರೂ ಸಂತೋಷವಾಗಿದೆ, ಸುಳ್ಳು ಯಾಕೆ ಹೇಳಲಿ. ಕನ್ನಡಿಯ ಮುಂದೆ ಹೋಗಿ ಭುಜವನ್ನು ನೋಡಿಕೊಂಡೆ. ನಾಳೆ ನಿನ್ನ ಅಮ್ಮನನ್ನು ಕೇಳುತ್ತೇನೆ. ನೀನು ಹೇಳಿದ್ದೀಯ ಎಂದು ಕೇಳುತ್ತೇನೆ. ಅವಳು ಏನನ್ನುತ್ತಾಳೆಂದು ನನಗೆ ಗೊತ್ತೇ ಇದೆ.

ಅಪ್ಪ


ಹ್ಯಾಲೋಬಿ ಹೌಸ್
೨೮ ಮಾರ್ಚ್ ೧೯೫೮, ಶುಕ್ರವಾರ

ಪ್ರೀತಿಯ ಹೆಸ್ಟರ್,

ಕೇಳಿದೆ. ಅವಳು ಹಿತ್ತಲಿನಲ್ಲಿ ಗುಲಾಬಿ ಗಿಡಗಳ ಕೊಂಬೆ ಸವರುತ್ತಿದ್ದಳು. ಎಲ್ಲವನ್ನೂ ಮೊದಲಿನಿಂದ ಹೇಳಿದೆ: ಚೀಸು, ಹಡಗು, ಬಿರಡೆ, ಎರಡು ಸಾಲು.

"ಆ ಲಕೋಟೆ ನಿವೃತ್ತಿ ಕಾಗದವಾ?" ಅಂದಳು.

"ಹೌದು."

"ನೀವು ದ್ವೀಪಕ್ಕೆ ಒಪ್ಪಿ ಬರೆದದ್ದು ಅಂದ್ಕೊಂಡು ನಾನೇ ಹೋಗಿ ಪೋಸ್ಟ್ ಮಾಡಿದ್ನಲ್ರೀ!"

ಅಂದವಳು ನಗಲು ಶುರು ಮಾಡಿದಳು. ನಗು ತಡೆಯದೆ ಕೈಗಾಡಿಯ ಅಂಚಿನ ಮೇಲೆ ಕೂತಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಯಿತೋ. ನಾನೂ ನಕ್ಕೆ. ಇದೇ ಹೊತ್ತೆಂದು ಜರ್ಮನಿಯ ವಿಚಾರ ಹೇಳಿದೆ, ಲೆಫ್ಟಿನೆಂಟ್ ಜನರಲ್ ಎಂದೂ ಹೇಳಿದೆ. ಬಂಗಲೆ ಚೆನ್ನಾಗಿದೆಯಂತೆ, ಬಿಸಿನೀರಿಗೆ ತೊಂದರೆ ಇಲ್ಲವಂತೆ ಅಂದೆ. "ನಿನಗೆ ಹೇಗನ್ನಿಸುತ್ತೆ?" ಎಂದು ಕೇಳಿದೆ.

ಅವಳು ಯಾವಾಗಲೂ ಹೇಳುವ ಮಾತಿಗೆ ಕಾಯುತ್ತಿದ್ದೆ. ಅವಳು ಕೈಗವಸು ಬಿಚ್ಚಿದಳು.

"ಬೇಡ" ಅಂದಳು.

"ಏನಂದೆ?"

"ಬೇಡ ಅಂದೆ."

ಮತ್ತೆ ಕೈಗವಸು ಹಾಕಿಕೊಂಡು ಗುಲಾಬಿಯ ಕಡೆಗೆ ತಿರುಗಿದಳು. ದನಿ ಏರಿರಲಿಲ್ಲ. ಮುಖ ಕೆಂಪಾಗಿರಲಿಲ್ಲ. ರಾತ್ರಿ ಊಟಕ್ಕೆ ಮಾಮೂಲಿನ ಹಾಗೆ ಕೂತಳು, ನನ್ನ ಕೆಮ್ಮು ವಿಚಾರಿಸಿದಳು.

ಏನರ್ಥವಿರಬಹುದು? ಜರ್ಮನಿ ಬೇಡ, ಬೇರೆ ಕಡೆಯಾದರೆ ಆಗಬಹುದು ಎಂದೇ? ಈ ವರ್ಷ ಬೇಡ ಎಂದೇ? ನಾನು ಇನ್ನೊಮ್ಮೆ ಒತ್ತಾಯಿಸಲಿ ಎಂದು ಹಾಗಂದಳೇ? ಇಲ್ಲವೇ ಮುಂಚೆಯೇ ಕೇಳಲಿಲ್ಲ ಎಂಬ ಸಿಟ್ಟೇ? ಇಷ್ಟು ವರ್ಷ ಜೊತೆಯಲ್ಲಿದ್ದೂ ಅವಳ ಬಾಯಲ್ಲಿ ಈ ಪದ ನಾನು ಕೇಳಿಲ್ಲ, ಹಾಗಾಗಿ ಅದನ್ನು ಅವಳು ಹೇಗೆ ಬಳಸುತ್ತಾಳೆಂದು ತಿಳಿಯದು. ನಿನಗೆ ಹೇಗೆ ತೋರುತ್ತದೆ? ಸೋಮವಾರಕ್ಕೆ ಮೊದಲು ತಿಳಿಸು.

ಅಪ್ಪ


ತಂತಿ
ಎಡಿನ್‌ಬರೋ, ೨೯ ಮಾರ್ಚ್ ೧೯೫೮

ಅಪ್ಪ ಬೇಡ ಅಂದರೆ ಬೇಡ
ಹೆಸ್ಟರ್


ಹ್ಯಾಲೋಬಿ ಹೌಸ್
೩೧ ಮಾರ್ಚ್ ೧೯೫೮, ಸೋಮವಾರ

ಪ್ರೀತಿಯ ಹೆಸ್ಟರ್,

ನಿನ್ನ ತಂತಿ ಶನಿವಾರ ಸಂಜೆ ಬಂತು. ನಿನ್ನೆ ಅದನ್ನು ಜೇಬಿನಲ್ಲಿಟ್ಟುಕೊಂಡೇ ಚರ್ಚಿಗೆ ಹೋದೆ. ಪಾದ್ರಿ ಏನು ಹೇಳಿದರೋ ಗೊತ್ತಿಲ್ಲ. ಪಕ್ಕದಲ್ಲಿ ನಿನ್ನ ಅಮ್ಮ ಹಾಡುತ್ತಿದ್ದಳು. ಅವಳು ಸಣ್ಣ ದನಿಯಲ್ಲಿ ಹಾಡುತ್ತಾಳೆ, ಆದರೆ ಶ್ರುತಿ ತಪ್ಪುವುದಿಲ್ಲ. ಇದೂ ನನಗೆ ಹೊಸ ಸುದ್ದಿ.

ಇವತ್ತು ಹನ್ನೊಂದಕ್ಕೆ ಬೇಸಿಲ್‌ಗೆ ಫೋನು ಹಚ್ಚಿಸಿದೆ.

"ಹೇಳಪ್ಪ" ಅಂದ.

"ಬೇಡ" ಅಂದೆ.

"ಬೇಡ ಅಂದ್ರೆ? ಯಾವ ಅರ್ಥದಲ್ಲಿ ಹೇಳ್ತಿದೀಯ? ಇನ್ನೂ ದೊಡ್ಡದು ಏನಾದ್ರೂ ಮನಸ್ಸಲ್ಲಿದೆಯಾ? ಹೇಳು, ನೋಡೋಣ."

"ಬೇಡ ಅಂದ್ರೆ ಬೇಡ, ಬೇಸಿಲ್. ವಿನ್ನಿಗೆ ಬೇಡ. ಹಾಗಾಗಿ ನನಗೆ ಆಗಲ್ಲ."

ಎಕ್ಸ್‌ಚೇಂಜಿನಲ್ಲಿ ಯಾರೋ ಹುಡುಗಿ "ಅಯ್ಯೋ" ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿತು. ಬೇಸಿಲ್, "ಅರ್ಥ ಆಯ್ತು, ಅರ್ಥ ಆಯ್ತು" ಅಂದ. ಆ ದನಿ ನಾನು ಬಲ್ಲೆ, ಏನೂ ಅರ್ಥವಾಗಿರಲಿಲ್ಲ. ಈ ಹೊತ್ತಿಗೆ ಲಂಡನ್ನಿನಲ್ಲಿ ನಾಲ್ಕು ಜನ ಕೂತು ಥ್ರೆಲ್ಫಾಲ್ ಯಾವುದಕ್ಕೆ ಗಾಳ ಹಾಕಿದ್ದಾನೆಂದು ಲೆಕ್ಕ ಹಾಕುತ್ತಿರಬೇಕು.

ನಾನು ಲೆಫ್ಟಿನೆಂಟ್ ಜನರಲ್ ಆಗುವುದಿಲ್ಲ. ಹೇಗೆ ಕಾಣುತ್ತದೆ ನೋಡೋಣವೆಂದು ಈ ವಾಕ್ಯವನ್ನು ಬರೆದೆ. ಎದೆಯ ಹತ್ತಿರ ನೋಯುತ್ತದೆ, ಹೌದು. ಅದರ ಪಕ್ಕದಲ್ಲಿ ಇನ್ನೂ ಏನೋ ಇದೆ, ಅದಕ್ಕೆ ಹೆಸರು ತಿಳಿಯದು. ಹೀಗೆ ಎರಡು ಒಟ್ಟಿಗೆ ಇದ್ದಾಗ ಮನುಷ್ಯರು ಏನು ಮಾಡುತ್ತಾರೆ?

ಫೋನು ಇಡುವಾಗ ನಿನ್ನ ಅಮ್ಮ ಪಕ್ಕದ ಕೋಣೆಯಲ್ಲಿದ್ದಳು. ಗೋಡೆ ತೆಳ್ಳಗಿದೆ, ಎಲ್ಲ ಕೇಳಿಸಿರಬೇಕು. ಈಗ ಅಲ್ಲಿಂದ ಏನೋ ಸದ್ದು ಬರುತ್ತಿದೆ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಬಾಗಿಲಿನ ಈಚೆಯಿಂದ ಗೊತ್ತಾಗುತ್ತಿಲ್ಲ. ಬೇರೆ ದಿನವಾಗಿದ್ದರೆ ಟೋಪಿ ಹಾಕಿಕೊಂಡು ಕಚೇರಿಗೆ ಹೊರಟುಬಿಡುತ್ತಿದ್ದೆ. ಕಾರು ಬಾಗಿಲಲ್ಲೇ ನಿಂತಿದೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಒಳಗೆ ಹೋಗಿ ಕೇಳಬೇಕು.

ಅಪ್ಪ